ಕೊನೆಯ ಪಂಕ್ತಿಯ ಇಂಗ್ಲಿಷ್ ತಿಂಡಿ

ನಮ್ಮಪ್ಪ ಇಪ್ಪತ್ತಾರು ವರ್ಷ ಊರಿನವರಲ್ಲದವರಿಗೆಲ್ಲ ಬೆಳಗಿನ ತಿಂಡಿ ಮಾಡಿ ಹಾಕಿದರು. ಮನೆಯಲ್ಲಿ ನಮ್ಮ ಜೊತೆ ಕೂತು ಒಂದು ದಿನವೂ ತಿಂಡಿ ತಿನ್ನಲಿಲ್ಲ. ಇದನ್ನು ದೂರು ಅಂತಲೇ ಓದಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ಕೇಳಿಸಿಕೊಳ್ಳಲು ಅವರಿಲ್ಲ, ಅದೊಂದೇ ನನ್ನ ಬೇಜಾರು.

ಅವರು ಕೆಲಸ ಮಾಡುತ್ತಿದ್ದದ್ದು ನಜರ್‌ಬಾದಿನ ಒಂದು ಹಳೇ ಬಂಗಲೆಯಲ್ಲಿ. ಅದನ್ನು ಹೋಟೆಲು ಮಾಡಿದ್ದರು. ಹೆಂಚಿನ ಮಾಡು, ಉದ್ದನೆಯ ಜಗುಲಿ, ಹನ್ನೆರಡು ರೂಮು. ಅರಮನೆ ನೋಡಲು ಬರುವ ವಿದೇಶದವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಅವರಿಗೆ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಮಾಡಿಕೊಡುವುದು ಅಪ್ಪನ ಪಾಲಿನ ಕೆಲಸ. ನಾವಿದ್ದ ವಠಾರ ಅಲ್ಲಿಂದ ಎರಡು ಬೀದಿ ಆಚೆ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಶಾಲೆಗೆ ಹೋಗುವವಳು. ನಾನು ಕಣ್ಣು ಬಿಡುವ ಹೊತ್ತಿಗೆ ಅಪ್ಪ ಹೊರಟು ಗಂಟೆಯಾಗಿರುತ್ತಿತ್ತು. ಅಮ್ಮ, ನಾನು ಇಬ್ಬರೇ ಉಪ್ಪಿಟ್ಟು ತಿನ್ನುತ್ತಿದ್ದೆವು.

ಈಗ ಒಂದು ವಿಷಯ ಹೇಳಿಬಿಡಬೇಕು. ನಮ್ಮದು ಕೊರಳಿಗೆ ಲಿಂಗ ಕಟ್ಟಿದ ಮನೆ. ನಮ್ಮ ತಾತ ಮಠದ ದಾಸೋಹದಲ್ಲಿ ಸಾವಿರಾರು ಜನಕ್ಕೆ ಅನ್ನ ಸಾರು ಮಾಡಿದವರು, ಅಪ್ಪ ಸೌಟು ಹಿಡಿಯಲು ಕಲಿತದ್ದೂ ಅಲ್ಲೇ. ಹೋಟೆಲಿಗೆ ಸೇರಿದ್ದು ಸಾರು, ಪಲ್ಯ, ಚಪಾತಿ ಮಾಡುವುದಕ್ಕೆ. ಅಲ್ಲಿ ಇಂಗ್ಲಿಷ್ ತಿಂಡಿ ಮಾಡುತ್ತಿದ್ದ ವಯಸ್ಸಾದ ಬಾಣಸಿಗರಿಗೆ ಮಂಡಿ ನೋವು ಬಂದು ನಿಲ್ಲಲಾಗದೆ ಹೋದಾಗ, ಯಜಮಾನರು ಅಪ್ಪನನ್ನು ಕರೆದು ಬಾಣಲೆ ಕೊಟ್ಟರು. ಆ ಹಿರಿಯರು ಒಂದು ತಿಂಗಳು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಹೇಳಿಕೊಟ್ಟರಂತೆ. ಮೊಟ್ಟೆ, ಹಂದಿ ಮಾಂಸ, ಸಾಸೇಜು, ಅಪ್ಪ ಯಾವುದಕ್ಕೂ ಇಲ್ಲ ಅನ್ನಲಿಲ್ಲ. ತಿನ್ನುವುದಿಲ್ಲ ಅಂದರು, ಅಷ್ಟೆ. ಉಪ್ಪು ನೋಡಲೂ ನಾಲಿಗೆಗೆ ಮುಟ್ಟಿಸಲಿಲ್ಲ. ಎಲ್ಲ ಮೂಗಿನಲ್ಲಿ, ಕಿವಿಯಲ್ಲಿ.

"ಮೊಟ್ಟೆ ಬಿಟ್ಟಾಗ ಬೆಣ್ಣೆ ಗುಸುಗುಸು ಅನ್ಬೇಕು ಕಣಮ್ಮ. ಚಟಪಟ ಅಂತು ಅಂದ್ರೆ ಉರಿ ಜಾಸ್ತಿ ಆಯ್ತು ಅಂತ. ಸುಮ್ನಿದ್ರೆ ಒಲೆ ಮಲಗೈತೆ ಅಂತ," ಅನ್ನುತ್ತಿದ್ದರು.

ನೆಂಟರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಕೇಳುತ್ತಿರಲಿಲ್ಲ. "ಹೋಟ್ಲಲ್ಲಿ ಏನ್ ಮಾಡ್ತಾರೆ ನಿಮ್ ಯಜಮಾನ್ರು?" ಅಂದರೆ ಅಮ್ಮ ಸೆರಗು ಸರಿಮಾಡಿಕೊಂಡು, "ಬ್ರೆಡ್ಡು ಬೆಣ್ಣೆ ನೋಡ್ಕೋತಾರೆ," ಎನ್ನುತ್ತಿದ್ದಳು. ಸುಳ್ಳಲ್ಲವಲ್ಲ! ಮಧ್ಯಾಹ್ನ ಅಪ್ಪ ಮನೆಗೆ ಬಂದರೆ ಹಿತ್ತಲಿನಿಂದಲೇ ಬರಬೇಕು. ಅಲ್ಲಿ ಬಟ್ಟೆ ಬಕೆಟ್ಟಿಗೆ ಹಾಕಿ, ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಅಡಿಗೆಮನೆಯ ಹೊಸಿಲು. ಅಷ್ಟಾದರೂ ಅವರ ಕೈಯಲ್ಲಿ ಸುಟ್ಟ ಬೆಣ್ಣೆಯ ವಾಸನೆ ಉಳಿದಿರುತ್ತಿತ್ತು. ನನಗೆ ಅಪ್ಪ ಅಂದರೆ ಇವತ್ತಿಗೂ ಆ ವಾಸನೆಯೇ.

ಸಂಜೆ ನಾನು ಅವರ ತೊಡೆಯ ಪಕ್ಕ ಕೂತು ಕೇಳುತ್ತಿದ್ದೆ, ಇವತ್ತು ಏನೇನು ಇಟ್ಟಿರಿ ಅಂತ. ದಿನಾ ಅದೇ ಇಡುತ್ತಾರೆಂದು ಗೊತ್ತಿದ್ದೂ ಕೇಳುತ್ತಿದ್ದೆ. ಅಪ್ಪ ನೆಲದ ಮೇಲೆ ಬೆರಳಿನಿಂದ ಒಂದು ದೊಡ್ಡ ಸೊನ್ನೆ ಎಳೆಯುವರು. ಅದು ತಟ್ಟೆ. ಗಡಿಯಾರದಲ್ಲಿ ಹನ್ನೆರಡಿರುವ ಕಡೆ ಮೊಟ್ಟೆ, ಮೂರರ ಕಡೆ ಟೊಮ್ಯಾಟೊ, ಆರರ ಕಡೆ ಬೀನ್ಸ್ ಕಾಳು, ಒಂಬತ್ತರ ಕಡೆ ಅಣಬೆ. ನಡುವೆ ಇನ್ನೆರಡು ಪದಾರ್ಥ ಇದ್ದವು, ಅವುಗಳ ಹೆಸರನ್ನು ಅಮ್ಮ ಇರುವಾಗ ಹೇಳುತ್ತಿರಲಿಲ್ಲ, ಕೆಮ್ಮಿ ಮುಂದೆ ಹೋಗುತ್ತಿದ್ದರು. ಟೋಸ್ಟು ಮಾತ್ರ ತಟ್ಟೆಯಲ್ಲಿಲ್ಲ. ಅದಕ್ಕೆ ಬೇರೆ ಸ್ಟ್ಯಾಂಡು, ಪುಸ್ತಕ ಜೋಡಿಸಿಟ್ಟ ಹಾಗೆ ಅದರಲ್ಲಿ ನಿಲ್ಲಿಸಬೇಕು. ಮಲಗಿಸಿದರೆ ಬೆವರುತ್ತದಂತೆ.

"ಎಲ್ಲಾ ಒಟ್ಟಿಗೆ ಬಿಸಿಯಾಗಿರ್ಬೇಕು. ಅದೇ ಕಷ್ಟ. ಕಾಳು ಮೊದ್ಲೇ ಬೇಯುತ್ತೆ, ಟೊಮ್ಯಾಟೊ ಬೋರಲಾಗಿ ಹಾಕಿ ಮುಟ್ಟದೇ ಬುಡ್ಬೇಕು, ಮೊಟ್ಟೆ ಕಟ್ಟಕಡೆಗೆ," ಎಂದು ಹೇಳಿ, ಆಮೇಲೆ ಪ್ರತಿಸಲವೂ ಒಂದೇ ಬೇಸರದ ಮಾತು: "ಆದ್ರೆ ಬಡಿಸೋ ಸುಖ ಇಲ್ಲ ಕಣಮ್ಮ. ತಟ್ಟೆ ಒಂದೇ ಸಲ ಹೋಗುತ್ತೆ, ಒಂದೇ ಸಲ ಬರುತ್ತೆ. ಥ್ಯಾಂಕ್ಯೂ ಅಂತಾರೆ ಪಾಪ. ಇನ್ನೊಂಚೂರು ಹಾಕಿ ಅಂತ ಒಬ್ರೂ ಅನ್ನಲ್ಲ."

ಆಗ ನನಗೆ ಆ ಮಾತು ಬೇಕಿರಲಿಲ್ಲ. ನನಗೆ ಬೇಕಾದದ್ದು ಆ ತಟ್ಟೆ. ಇನ್ನೂ ಸರಿಯಾಗಿ ಹೇಳುವುದಾದರೆ, ಆ ತಟ್ಟೆಯ ಎದುರು ಕೂತ ಅಪ್ಪ.

ಸೋಮವಾರ ಅವರಿಗೆ ರಜೆ. ಆವತ್ತಾದರೂ ಕೂರಬಹುದಲ್ಲ? ಇಲ್ಲ. ಸೋಮವಾರ ಒಲೆ ನಂದು ಅಂತ ಅಮ್ಮನನ್ನು ಒಲೆಯ ಹತ್ತಿರದಿಂದ ಎಬ್ಬಿಸಿ ತಾವೇ ದೋಸೆ ಹುಯ್ಯಲು ನಿಲ್ಲುವರು. ನಾವಿಬ್ಬರು ಕೂತು ತಿನ್ನುವುದು, ಅವರು ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಕಾವಲಿಗೆ ಓಡಾಡುವುದು.

"ಅಪ್ಪ, ಬನ್ನಿ, ನೀವೂ ಕೂತ್ಕೊಳ್ಳಿ."

"ಕೊನೇ ಪಂಕ್ತಿ ಏಳ್ಲಿ ಇರಮ್ಮ."

"ಎಲ್ಲಿದೆ ಪಂಕ್ತಿ? ಇರೋದೇ ಇಬ್ರು!"

"ಇಬ್ರಾದ್ರೂ ಪಂಕ್ತಿ ಪಂಕ್ತೀನೇ."

ಇದು ದಾಸೋಹದ ಕಟ್ಟಳೆ. ತಾತನಿಂದ ಬಂದದ್ದು. ಉಣ್ಣುವವರ ಕೊನೆಯ ಸಾಲು ಎದ್ದು ಕೈ ತೊಳೆಯುವ ತನಕ ಅಡಿಗೆಯವನು ಕೂರುವ ಹಾಗಿಲ್ಲ. ಉಣ್ಣುತ್ತಿರುವವರಲ್ಲಿ ಯಾರಿಗೆ ಏನು ಬೇಕಾಗುತ್ತದೋ ಹೇಳಲಾಗುವುದಿಲ್ಲ, ಅವನು ಎಲೆಯ ಮುಂದೆ ಕೂತುಬಿಟ್ಟರೆ ಕೇಳುವವರಿಗೆ ಸಂಕೋಚ. ಮಠದಲ್ಲಿ ಸರಿ. ನಾಲ್ಕು ಅಡಿ ಅಗಲದ ಅಡಿಗೆಮನೆಯಲ್ಲಿ ಇದನ್ನು ಪಾಲಿಸುವ ಮನುಷ್ಯನನ್ನು ಏನು ಮಾಡುವುದು? ನಾವು ಎದ್ದ ಮೇಲೆ, ಕೊನೆಯದಾಗಿ ಹುಯ್ದ ತೂತು ದೋಸೆಯನ್ನು ಕೈಯಲ್ಲೇ ಮಡಚಿ, ಗೋಡೆಗೆ ಒರಗಿ ನಿಂತು ತಿನ್ನುತ್ತಿದ್ದರು. ಅಷ್ಟೊತ್ತಿಗೆ ನನಗೆ ಶಾಲೆಗೆ ಹೊತ್ತಾಗಿರುತ್ತಿತ್ತು. ಎಷ್ಟೋ ಸೋಮವಾರ ನಾನು ಸಿಟ್ಟಿನಿಂದ ಹೇಳದೆ ಹೋಗಿದ್ದೇನೆ.

ಹೀಗೇ ವರ್ಷಗಳು ಕಳೆದವು. ನಾವು ವಿಜಯನಗರದಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಂಡು ಹೋದೆವು. ಅಪ್ಪ ಮೊದಲ ಬಸ್ಸು ಹಿಡಿಯಲು ಇನ್ನೂ ಮುಂಚೆ ಏಳುವಂತಾಯಿತು. ನಾನು ಓದು ಮುಗಿಸಿ ಅಲ್ಲೇ ಹತ್ತಿರದ ಶಾಲೆಯೊಂದರಲ್ಲಿ ಟೀಚರಾದೆ. ಎರಡು ಸಾವಿರ ದಾಟಿ ಕೆಲವು ವರ್ಷಕ್ಕೆ ಯಜಮಾನರು ಬಂಗಲೆ ಮಾರಿದರು. ಕೊನೆಯ ದಿನ ಏನು ಬೇಕೋ ತೆಗೆದುಕೊಂಡು ಹೋಗಿ ಅಂದರೆ ಅಪ್ಪ ತಂದದ್ದು ಟೋಸ್ಟು ನಿಲ್ಲಿಸುವ ಆ ಸ್ಟ್ಯಾಂಡು. ನಮ್ಮ ಮನೆಯಲ್ಲಿ ಟೋಸ್ಟು ಎಲ್ಲಿಂದ ಬರಬೇಕು? ಅಮ್ಮ ಅದನ್ನು ಚೆನ್ನಾಗಿ ಹುಣಸೆಹಣ್ಣು ಹಾಕಿ ಉಜ್ಜಿ, ಟೀವಿ ಮೇಲಿಟ್ಟು, ಬಂದ ಲಗ್ನಪತ್ರಿಕೆಗಳನ್ನು ಸಿಕ್ಕಿಸಲು ಶುರುಮಾಡಿದಳು.

ಮನೆಯಲ್ಲಿದ್ದು ಮಾಡುವುದೇನು ಎಂದು ತಿಳಿಯದೆ ಅವರು ದಿನವೂ ತಿಂಡಿ ಮಾಡಿದರು. ಆಗಲೂ ನಿಂತೇ ಇದ್ದರು. ವಾರಕ್ಕೆ ಒಂದಿದ್ದ ಸೋಮವಾರ ಏಳಾಯಿತು, ಅಷ್ಟೆ.

ಮರುವರ್ಷ ನನ್ನ ಮದುವೆ ನಿಶ್ಚಯವಾಯಿತು. ಹಾಸನದ ಕಡೆಯವರು. ಒಂದು ಸಂಜೆ ಅಪ್ಪ ಬಂದು ಪಕ್ಕದಲ್ಲಿ ಕೂತರು.

"ಪುಟ್ಟಿ, ಎಲ್ರೂ ಏನೇನೋ ಕೊಡ್ತಾವ್ರೆ. ನಂಗೆ ಇದೆಲ್ಲ ತಿಳಿಯಲ್ಲ. ನಿಂಗೇನ್ ಬೇಕು, ಬಾಯ್ಬಿಟ್ಟು ಕೇಳು."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ನಿಮ್ಮ ಇಂಗ್ಲಿಷ್ ತಿಂಡಿ ಬೇಕು. ಮೊಟ್ಟೆ ಇಟ್ಟೇ ಮಾಡ್ಬೇಕು. ಮತ್ತೆ ನೀವು ನನ್ ಜೊತೆ ಕೂತು ತಿನ್ಬೇಕು. ಎದುರುಗಡೆ, ಕುರ್ಚಿ ಮೇಲೆ."

ಅಪ್ಪ ನಕ್ಕರು. ಆಮೇಲೆ ಅಮ್ಮನಿದ್ದ ಅಡಿಗೆಮನೆಯ ಕಡೆ ನೋಡಿದರು.

ಅಮ್ಮನನ್ನು ಒಪ್ಪಿಸಲು ಎಂಟು ದಿನ ಹಿಡಿಯಿತು. ಮೊದಲ ಮೂರು ದಿನ ಮಾತೇ ಇಲ್ಲ. ನಾಲ್ಕನೆಯ ದಿನ, "ಪೂಜೆ ಮನೇಲಿ ಮೊಟ್ಟೆ ಒಡೀತಾರಂತೆ, ಕೇಳಿದ್ದೀರಾ," ಅಂತ ಗೋಡೆಗೆ ಹೇಳಿದಳು. ಕೊನೆಗೆ, ಹುಡುಗಿ ಹೋಗುವವಳು ಅನ್ನುವ ಒಂದೇ ಕಾರಣಕ್ಕೆ ಕರಗಿದಳು. ಆದರೆ ಷರತ್ತುಗಳ ಸರಮಾಲೆ. ಮೊಟ್ಟೆ ಮನೆಯೊಳಗಿಂದ ಹಾದು ಹೋಗಕೂಡದು, ಹೊರಗಿನ ಮೆಟ್ಟಿಲಿನಿಂದಲೇ ತಾರಸಿಗೆ ಹೋಗಬೇಕು. ಒಲೆ, ಬಾಣಲೆ, ತಟ್ಟೆ ಎಲ್ಲ ಬೇರೆ. ಆ ಬಾಣಲೆ ಮತ್ತೆ ಕೆಳಗಿಳಿಯಕೂಡದು. ಅವಳ ದೋಸೆ ಕಾವಲಿಯ ಕಡೆ ಯಾರೂ ಕಣ್ಣೆತ್ತಿಯೂ ನೋಡಕೂಡದು. "ಕಾಳು ಮಾತ್ರ ನಾನು ಕೆಳಗೇ ಬೇಯಿಸ್ಕೊಡ್ತೀನಿ," ಅಂತ ತಾನಾಗಿಯೇ ಹೇಳಿದಳು. ಅದು ದೊಡ್ಡ ಮನಸ್ಸು, ಅವಳ ಮಟ್ಟಿಗೆ.

ಮದುವೆಗೆ ಹದಿನೈದು ದಿನ ಇರುವಾಗಿನ ಭಾನುವಾರ. ಅಪ್ಪ ಹಿಂದಿನ ದಿನವೇ ಮಾರ್ಕೆಟ್ಟಿಗೆ ಹೋಗಿ ಒಂದೊಂದೇ ಟೊಮ್ಯಾಟೊ ಒತ್ತಿ ನೋಡಿ ತಂದಿದ್ದರು. ಬೆಳಿಗ್ಗೆ ತಾರಸಿಯ ಮೇಲೆ ನನ್ನ ಹಳೇ ಓದುವ ಮೇಜು, ಮೇಲೆ ಮಡಚಿದ ಬಿಳೀ ಪಂಚೆ. ಎರಡು ಪ್ಲಾಸ್ಟಿಕ್ ಕುರ್ಚಿ ಅವರು ಇಟ್ಟಿದ್ದರು. ಮೂರನೆಯದನ್ನು ನಾನೇ ಹೊತ್ತುಕೊಂಡು ಹೋಗಿ ಇಟ್ಟೆ. ಚಾಮುಂಡಿ ಬೆಟ್ಟದ ಕಡೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಟೋಸ್ಟಿನ ಸ್ಟ್ಯಾಂಡಿನಿಂದ ಲಗ್ನಪತ್ರಿಕೆಗಳು ಹೊರಬಿದ್ದು ಅದೂ ಮೇಲೆ ಬಂದಿತ್ತು.

ಅಪ್ಪ ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ದೋಸೆ ಹುಯ್ಯುವ ಅಪ್ಪ ಬೇರೆ, ಇವರು ಬೇರೆ. ಮಾತಿಲ್ಲ, ಅವಸರವಿಲ್ಲ. ತಟ್ಟೆಗಳನ್ನು ಬಿಸಿನೀರಿನಲ್ಲಿ ಮುಳುಗಿಸಿ ಒರೆಸಿದರು. ಟೊಮ್ಯಾಟೊ ಅಡ್ಡಕ್ಕೆ ಕತ್ತರಿಸಿ ಬೆಣ್ಣೆಯಲ್ಲಿ ಬೋರಲು ಹಾಕಿ, ನಾನು ಕೈ ಹಾಕಲು ಹೋದರೆ ಕಣ್ಣಿನಲ್ಲೇ ಬೇಡ ಅಂದರು. ಅಣಬೆ ನೀರು ಬಿಟ್ಟು ಮತ್ತೆ ಹೀರಿಕೊಳ್ಳುವವರೆಗೆ ಕಾದರು. ಬ್ರೆಡ್ಡನ್ನು ಜಾಲರಿಯ ಮೇಲೆ ಸುಟ್ಟು ಒಂದೊಂದಾಗಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಆಮೇಲೆ ಮೊಟ್ಟೆ. ಒಂದೇ ಕೈಯಲ್ಲಿ ಒಡೆದರು. ಬೆಣ್ಣೆ ಗುಸುಗುಸು ಅಂದಿತು! ನಾನು ಅಪ್ಪನ ಮುಖ ನೋಡಿದೆ, ಅವರು ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಅಮ್ಮ ಕಾಳಿನ ಪಾತ್ರೆ ಹಿಡಿದು ಮೇಲೆ ಬಂದಳು. ಅಪ್ಪ ಅವಳಿಗೆ ಹೇಳಿಕೊಟ್ಟದ್ದು ಇಷ್ಟೆ: ಟೊಮ್ಯಾಟೊ ರಸ, ಚೂರು ಬೆಲ್ಲ, ಉಪ್ಪು, ಮಂದ ಉರಿ. ಮುಚ್ಚಳ ತೆಗೆದರೆ ಇಡೀ ತಾರಸಿಗೆ ಇಂಗು, ಬೆಳ್ಳುಳ್ಳಿ. ಮೇಲೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ತೇಲುತ್ತಿದ್ದವು.

"ಇದೇನೇ?" ಅಂದರು ಅಪ್ಪ.

"ಸಪ್ಪೆ ಇತ್ತು ಕಣ್ರೀ. ಒಗ್ಗರಣೆ ಇಲ್ದೆ ಎಂಗ್ ಬಡಿಸೋದು, ಅದೂ ಮದುವೆ ಹುಡ್ಗೀಗೆ?"

ಇಪ್ಪತ್ತಾರು ವರ್ಷದ ಶಿಸ್ತೆಲ್ಲ ಒಂದು ಸೌಟು ಒಗ್ಗರಣೆಯಲ್ಲಿ ಮುಳುಗಿತು. ಅಪ್ಪ ಪಾತ್ರೆಯನ್ನೇ ನೋಡುತ್ತ ನಿಂತರು. ನಾನು ನಗು ತಡೆದುಕೊಂಡು ತುಟಿ ಕಚ್ಚಿಕೊಂಡೆ. ಕೊನೆಗೆ ಅವರು ಒಂದು ಮೆಣಸಿನಕಾಯಿಯನ್ನು ಚಮಚದಿಂದ ಎತ್ತಿ ಪಕ್ಕಕ್ಕಿಟ್ಟು, "ಇರ್ಲಿ ಬುಡು, ಚೆನ್ನಾಗೇ ಇರುತ್ತೆ," ಎಂದು ಆರು ಗಂಟೆಯ ಜಾಗದಲ್ಲಿ ಬಡಿಸಿದರು.

ನನ್ನ ತಟ್ಟೆ ನನ್ನ ಮುಂದೆ ಬಂತು. ಮೊಟ್ಟೆ ಸರಿಯಾಗಿ ಹನ್ನೆರಡಕ್ಕೆ. ಹೆಗಲ ಮೇಲೆ ಟವೆಲ್ಲು, ಒಂದು ಕೈ ಬೆನ್ನ ಹಿಂದೆ, ಹೋಟೆಲಿನವರ ಹಾಗೆ ಇಟ್ಟರು. ಅಮ್ಮನ ತಟ್ಟೆಯಲ್ಲಿ ಮೊಟ್ಟೆಯ ಜಾಗ ಖಾಲಿ ಬಿಡಲು ಮನಸ್ಸು ಬಾರದೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಆಲೂಗಡ್ಡೆ ಬಿಲ್ಲೆ ಇಟ್ಟಿದ್ದರು. ಅಮ್ಮ ನನ್ನ ತಟ್ಟೆ ಕಾಣದ ಹಾಗೆ ಕುರ್ಚಿಯನ್ನು ಓರೆ ಮಾಡಿಕೊಂಡು ಕೂತಳು. ಮೂರನೆಯ ತಟ್ಟೆಗೂ ಅಪ್ಪ ಬಡಿಸಿದರು. ಎರಡು ಟೊಮ್ಯಾಟೊ ಹೋಳು, ಒಂದಿಷ್ಟು ಕಾಳು, ಒಂದು ಟೋಸ್ಟು.

ಆಮೇಲೆ ಒಲೆ ಆರಿಸಿದರು. ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. ಕುರ್ಚಿ ಎಳೆದು ಕೂತರು.

ಬೆನ್ನು ಒರಗಿಸಲಿಲ್ಲ, ತುದಿಯಲ್ಲೇ ಕೂತಿದ್ದರು. ಆದರೂ ಕೂತಿದ್ದರು. ನನ್ನ ಎದುರು ಅಪ್ಪ, ಇಬ್ಬರ ಮುಂದೆಯೂ ತಟ್ಟೆ, ಬೆಳಗಿನ ಬಿಸಿಲು. ಅವರ ಕಡೆ ನೋಡಿದರೆ ಅಳು ಬಂದುಬಿಡುತ್ತದೆಂದು ತಟ್ಟೆ ನೋಡಿಕೊಂಡು ತಿನ್ನತೊಡಗಿದೆ. ಜನ್ಮದಲ್ಲಿ ಮೊದಲ ಸಲ ತಿಂದ ಮೊಟ್ಟೆ. ಹಳದಿ ಒಡೆದು ತಟ್ಟೆಯ ತುಂಬ ಹರಿಯಿತು. ಅದನ್ನು ಟೋಸ್ಟಿನಲ್ಲಿ ಒರೆಸಿ ತಿಂದೆ, ಅಷ್ಟು ರುಚಿ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ತಿಂದೇ ಇರಲಿಲ್ಲ. ನನ್ನ ಪಾಲಿನ ಟೋಸ್ಟು ಮುಗಿಯಿತು. ಹಳದಿ ಇನ್ನೂ ಉಳಿದಿತ್ತು. ಸ್ಟ್ಯಾಂಡಿನ ಕಡೆ ನೋಡಿದೆ, ಖಾಲಿ.

"ಅಪ್ಪ, ಇನ್ನೊಂದ್ ಟೋಸ್ಟು ಇದ್ಯಾ?"

ಮಾತು ಬಾಯಿಂದ ಪೂರ್ತಿ ಹೊರಬಿದ್ದಿರಲಿಲ್ಲ. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಅಪ್ಪ ಎದ್ದುಬಿಟ್ಟಿದ್ದರು. "ಈಗ ತಂದೆ, ಇರಮ್ಮ," ಅನ್ನುತ್ತ ಒಲೆಗೆ ಕಡ್ಡಿ ಗೀರಿದ್ದೂ ಆಯಿತು.

"ಬೇಡ, ಬೇಡ, ಕೂತ್ಕೊಳ್ಳಿ!" ಅಂದೆ. ಯಾರು ಕೇಳಬೇಕು? ಟೋಸ್ಟು ಬಂತು. ಅದರ ಹಿಂದೆ ಇನ್ನೊಂದು. ಅಮ್ಮನೂ, "ನಂಗೂ ಒಂದಿರ್ಲಿ," ಅಂದಳು. ನಾವು ಮುಗಿಸಿ ಎದ್ದ ಮೇಲೆ ನೋಡಿದರೆ ಅಪ್ಪ ನೀರಿನ ಟ್ಯಾಂಕಿಗೆ ಒರಗಿ ನಿಂತು ತಮ್ಮ ತಣ್ಣಗಾದ ಟೋಸ್ಟು ತಿನ್ನುತ್ತಿದ್ದರು. ತಟ್ಟೆಯಲ್ಲಿ ಬಿಟ್ಟು ಎದ್ದಾಗ ಅದರಿಂದ ಒಂದು ತುತ್ತು ಮಾತ್ರ ಹೋಗಿತ್ತು.

ಇಷ್ಟು ವರ್ಷ ಕೂರಿ ಕೂರಿ ಅಂದವಳು ನಾನು. ಕೂತವರನ್ನು ಎಬ್ಬಿಸಿದವಳೂ ನಾನೇ.

ಹೋಗಲಿ, ಮುಂದೆ ಇನ್ನೆಷ್ಟೋ ಭಾನುವಾರಗಳಿವೆ ಅಂದುಕೊಂಡು ಹಾಸನಕ್ಕೆ ಹೋದೆ. ತವರಿಗೆ ಬಂದಾಗಲೆಲ್ಲ ಒಂದಲ್ಲ ಒಂದು ಕಾರಣ. ಒಮ್ಮೆ ಶ್ರಾವಣ, ಒಮ್ಮೆ ಜ್ವರ, ಒಮ್ಮೆ ನಮ್ಮೆಜಮಾನರ ಕಡೆಯ ನೆಂಟರು. ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಎದೆ ಹಿಡಿದುಕೊಂಡು ಅಡಿಗೆಮನೆಯಲ್ಲೇ ಕುಸಿದರು. ನಾನು ಬಸ್ಸು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಒಂದು ವರ್ಷ ನಾನು ಆ ಟೋಸ್ಟಿನ ವಿಷಯ ಯಾರ ಹತ್ತಿರವೂ ಆಡಲಿಲ್ಲ. ಕೇಳಿದವರಿಗೆ ಹುಚ್ಚು ಅನ್ನಿಸೀತು, ಒಂದು ಚೂರು ಬ್ರೆಡ್ಡಿಗೆ ಅಳುವವಳು. ವರ್ಷದ ಕಾರ್ಯಕ್ಕೆ ಬಂದಾಗ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಮೆಟ್ಟಿಲ ತಲೆಯಲ್ಲಿ, ಮೊಳೆಗೆ, ಆ ಬಾಣಲೆ ನೇತಾಡುತ್ತಿತ್ತು. ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿತ್ತು. ಅಮ್ಮ ಮುಟ್ಟಿದ್ದಾಳೆ! ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಅಮ್ಮ ಓಡಿಬಂದಳು. ಎಲ್ಲ ಹೇಳಿದೆ. ನಾನು ಕೇಳದಿದ್ದರೆ ಅವತ್ತೊಂದು ದಿನವಾದರೂ ಅವರು ಕೂತು ತಿನ್ನುತ್ತಿದ್ದರು ಅಂದೆ.

ಅಮ್ಮ ನನ್ನ ಮುಖ ನೋಡಿದಳು. "ಅಯ್ಯೋ ದಡ್ಡಿ. ಅವತ್ತು ಕೆಳಗಿಳಿದು ಬಂದು ನಂಗೆ ಏನಂದ್ರು ಗೊತ್ತಾ? 'ಇಪ್ಪತ್ತಾರು ವರ್ಷ ಆ ತಿಂಡಿ ಮಾಡ್ದೆ ಕಣೇ, ಇನ್ನೊಂದು ಕೊಡಿ ಅಂತ ಒಬ್ರೂ ಕೇಳ್ಲಿಲ್ಲ. ಇವತ್ತು ಮಗಳು ಕೇಳ್ಬುಟ್ಲು' ಅಂದ್ರು. ಎರಡು ದಿನ ಅದ್ನೇ ಹೇಳ್ಕೊಂಡು ತಿರುಗಿದ್ರು. ನಂಗೆ ಕೇಳಿ ಕೇಳಿ ಸಾಕಾಗೋಯ್ತು."

ಮಾರನೆಯ ಬೆಳಿಗ್ಗೆ ತಾರಸಿಯ ಮೇಲೆ ನಾನೇ ಒಲೆ ಹಚ್ಚಿದೆ. ಮೊಟ್ಟೆ ಇಲ್ಲ. ಟೊಮ್ಯಾಟೊ, ಟೋಸ್ಟು, ಅಮ್ಮನ ಒಗ್ಗರಣೆಯ ಕಾಳು. ಟೋಸ್ಟನ್ನು ಬೇಕಾದ್ದಕ್ಕಿಂತ ಹೆಚ್ಚೇ ಮಾಡಿ ಸ್ಟ್ಯಾಂಡಿನ ತುಂಬ ನಿಲ್ಲಿಸಿ, ಮೇಜಿನ ನಡುವೆ ಇಟ್ಟೆ. ಇನ್ನೊಂದು ಬೇಕಾದರೆ ಯಾರೂ ಏಳಬೇಕಾಗಬಾರದು. ಹಾಸನದ ಮನೆಯಲ್ಲೂ ಈಗ ಹಾಗೇ ಮಾಡುತ್ತೇನೆ. ಅಮ್ಮ ಎರಡು ತಿಂದಳು, ನಾನು ಎರಡು ತಿಂದೆ. ಉಳಿದವು ಸ್ಟ್ಯಾಂಡಿನಲ್ಲಿ ಹಾಗೇ ನಿಂತು ಆರಿದವು.

ಅಪ್ಪನಿಗೆ ಅಷ್ಟು ಸಾಕಾಗಿತ್ತಂತೆ. ಆ ಟೋಸ್ಟು ನನಗೆ ನಿಜವಾಗಿಯೂ ಬೇಕಿತ್ತು ಅಪ್ಪ, ಅಷ್ಟು ಚೆನ್ನಾಗಿತ್ತು. ಆದರೆ ನೀವು ಎದುರು ಕೂತಿರುವುದು ಅದಕ್ಕಿಂತ ಹೆಚ್ಚು ಬೇಕಿತ್ತು. ನನಗೆ ಇನ್ನೂ ಸಾಕಾಗಿಲ್ಲ.